ಮೂರನೆಯ ಕೂಗು

ಅವರ ಬಲಗೈಯ ಬೆರಳುಗಳು ನೆಟ್ಟಗಿರಲಿಲ್ಲ. ತೋರುಬೆರಳು ನಡುಗೆಣ್ಣಿನಲ್ಲಿ ಉಬ್ಬಿ ಹೊರಕ್ಕೆ ಬಾಗಿತ್ತು. ಉಳಿದವೂ ಅದರ ಜೊತೆ ಒಂದೇ ಕಡೆ ವಾಲಿದ್ದವು. ಅಂಥ ಕೈಯಲ್ಲಿ ಸೂಜಿ ಹಿಡಿದು ಬಂದರೆ ಮೊದಲ ಸಲ ನೋಡುವವರ ಎದೆ ಧಸಕ್ಕೆನ್ನುತ್ತಿತ್ತು. ಚುಚ್ಚಿದ್ದು ಮಾತ್ರ ಯಾರಿಗೂ ಗೊತ್ತಾಗುತ್ತಿರಲಿಲ್ಲ. 'ಇನ್ನೂ ಮಾಡಿಲ್ಲೇನ್ರಿ?' ಎಂದು ಮುದುಕರು ಕಣ್ಣು ಮುಚ್ಚಿಕೊಂಡೇ ಕೇಳುವ ಹೊತ್ತಿಗೆ ಅವರು ಹತ್ತಿ ಒತ್ತಿ, ಮುಂದಿನವರ ಹೆಸರು ಕರೆದಾಗಿರುತ್ತಿತ್ತು.

ಊರಿಗೆಲ್ಲ ಅವರು ನರ್ಸಬಾಯಿ. ಗಜೇಂದ್ರಗಡದ ಮಗ್ಗದ ಮನೆಯ ಹೆಣ್ಣುಮಗಳು. ಊರೆಲ್ಲ ಮುಖಕ್ಕೆ ಬಟ್ಟೆ ಕಟ್ಟಿಕೊಂಡ ಆ ರೋಗ ಬಂದ ವರ್ಷವೇ ಅವರಿಗೆ ಮಲಪ್ರಭೆಯ ದಂಡೆಯ ನಮ್ಮ ಊರಿಗೆ ವರ್ಗವಾಯಿತು. ಮದುವೆಯಾಗಿರಲಿಲ್ಲ. ಹೊಳೆಆಲೂರಿನಲ್ಲಿ ಒಂದು ಖೋಲಿ ಹಿಡಿದು ಇದ್ದರು. ನಾನು ಇದೇ ಊರಿನವನು, ಇಲ್ಲಿನ ಶಾಲೆಯಲ್ಲೇ ಮಾಸ್ತರ. ಆ ವರ್ಷಗಳಲ್ಲಿ ಸರ್ಕಾರ ನಮಗೆ ಪಾಠ ಒಂದನ್ನು ಬಿಟ್ಟು ಉಳಿದೆಲ್ಲ ಕೆಲಸ ಕೊಟ್ಟಿತು. ನನ್ನ ಪಾಲಿಗೆ ಬಂದದ್ದು ನರ್ಸಬಾಯಿಯ ಹಿಂದೆ ಮೊಬೈಲು ಹಿಡಿದು ನಡೆಯುವುದು. ಅವರು ಹೆಸರು ಹೇಳಬೇಕು, ನಾನು ಒತ್ತಬೇಕು. ಹದಿನೆಂಟು ವರ್ಷ ಮಕ್ಕಳಿಗೆ ಹಾಜರಿ ಕರೆದವನು ಕೊನೆಗೆ ಊರಿನ ಮುದುಕರ ಹಾಜರಿ ಹಿಡಿಯುವವನಾದೆ.

ನಮ್ಮದು ಎರಡು ಊರು. ಹಿಂದೊಮ್ಮೆ ಹೊಳೆ ಒಳಗೆ ನುಗ್ಗಿದ ಮೇಲೆ ಸರ್ಕಾರ ಎತ್ತರದಲ್ಲಿ ನವಗ್ರಾಮ ಕಟ್ಟಿಕೊಟ್ಟಿತು. ಅರ್ಧಕ್ಕಿಂತ ಹೆಚ್ಚು ಜನ ಅಲ್ಲಿಗೆ ಹೋದರು. ಕೆಲವರು ಎಮ್ಮೆ ಕಟ್ಟಲು ಜಾಗ ಸಾಲದೆಂದು, ಕೆಲವರು ಹೊಲ ದೂರವಾಗುತ್ತದೆಂದು, ಕೆಲವರು ಸುಮ್ಮನೆ ಹಟಕ್ಕೆ ಹಳೇ ಊರಿನಲ್ಲೇ ಉಳಿದರು. ಅಲ್ಲಿ ಐದು ಮನೆಗೆ ಒಂದರಲ್ಲಿ ಮನುಷ್ಯರು; ಉಳಿದವು ಕೀಲಿ ಹಾಕಿದ ಮಣ್ಣಿನ ಮಾಳಿಗೆ ಮನೆಗಳು. ಎಲ್ಲ ಗೋಡೆಗಳ ಮೇಲೂ ಎದೆಮಟ್ಟಕ್ಕೆ ಒಂದೇ ಗೆರೆ, ನೀರು ನಿಂತ ಗುರುತು. ಎಷ್ಟು ಸುಣ್ಣ ಬಳಿದರೂ ಅದು ಮತ್ತೆ ಮೂಡುತ್ತದೆ. ಓಣಿಯಲ್ಲಿ ನಡೆದರೆ ನೀರಿನೊಳಗೆ ನಡೆದ ಹಾಗೆಯೇ ಅನಿಸುತ್ತದೆ.

ರೋಣದಿಂದ ಲಸಿಕೆ ಇಟ್ಟ ಮಂಜುಗಡ್ಡೆಯ ನೀಲಿ ಡಬ್ಬಿ ಬಂದು, ನವಗ್ರಾಮದ ಕೆಲಸ ಮುಗಿದು, ನಾವು ಹಳೇ ಊರಿಗೆ ಇಳಿಯುವಾಗ ದಿನವೂ ಮಟಮಟ ಮಧ್ಯಾಹ್ನವೇ ಆಗುತ್ತಿತ್ತು. ಆ ಹೊತ್ತು ನಮ್ಮ ಕಡೆ ಒಳ್ಳೆಯದಲ್ಲ. ನೆರಳು ಕಾಲಡಿಗೆ ಸೇರಿಕೊಳ್ಳುವ ಹೊತ್ತಿನಲ್ಲಿ ಯಾರಾದರೂ ಬಾಗಿಲಲ್ಲಿ ನಿಂತು ಹೆಸರು ಹಿಡಿದು ಕರೆದರೆ ತಕ್ಷಣ ಓಗೊಡಬಾರದು. ಚಿಕ್ಕಂದಿನಲ್ಲಿ ನನ್ನ ಅಜ್ಜಿ ಕಿವಿ ಹಿಂಡಿ ಹೇಳಿಕೊಟ್ಟದ್ದು: 'ಮೂರನೇ ಸಲ ಕರದ್ರ ಓ ಅನ್ನು. ಸತ್ತವರಿಗೆ ಎರಡ ಸಲ ಕರಿಯಾಕಷ್ಟ ಉಸುರ ಇರತೈತಿ.' ಮೊದಲೆರಡು ಕೂಗಿಗೆ ಓ ಅಂದವರು ಕರೆದವರ ಹಿಂದೆಯೇ ಹೋಗುತ್ತಾರಂತೆ. ಕಲಿತ ಮಾಸ್ತರನಾದ ನಾನು ಇದನ್ನು ನಂಬುವುದಿಲ್ಲ. ಆದರೆ ಮಧ್ಯಾಹ್ನ ಯಾರಾದರೂ ಕರೆದರೆ ಮೂರನೆಯದಕ್ಕೆ ಕಾಯುತ್ತೇನೆ.

ಗಜೇಂದ್ರಗಡದ ನರ್ಸಬಾಯಿಗೆ ಈ ಪದ್ಧತಿ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಮುಂದೆ ಆದದ್ದಕ್ಕೆಲ್ಲ ಇದೇ ಮೂಲ, ಅದಕ್ಕೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಎರಡನೇ ಅಲೆಯ ದಿನಗಳು. ಲಸಿಕೆ ಇನ್ನೂ ಊರಿಗೆ ಸರಿಯಾಗಿ ಮುಟ್ಟಿರಲಿಲ್ಲ. ಮನೆಮನೆಗೆ ಹೋಗಿ ಜ್ವರ ಕೇಳುವುದು, ಬೆರಳಿಗೆ ಸಿಕ್ಕಿಸುವ ಆ ಸಣ್ಣ ಮಿಷಿನ್ನಿನಿಂದ ಉಸಿರಿನ ಮಟ್ಟ ನೋಡುವುದು, ಕಡಿಮೆ ಇದ್ದವರನ್ನು ದವಾಖಾನೆಗೆ ಕಳಿಸುವುದು ನಮ್ಮ ಕೆಲಸ. ಹಳೇ ಊರಿನ ಕೊನೆಯ ಓಣಿಯಲ್ಲಿ ಒಂದು ಮನೆಗೆ ಬಂದೆವು. ಒಬ್ಬ ಮುದುಕಿ, ಮಗ, ಸೊಸೆ ಇದ್ದ ಮನೆ. ಬಾಗಿಲಿಗೆ ಹೊರಗಿನಿಂದ ಕೀಲಿ.

'ಯಮ್ಮಾ, ಅದಿಯೇನಬೇ ಒಳಗ?' ನರ್ಸಬಾಯಿ ಕರೆದರು. ಸದ್ದಿಲ್ಲ. ಇನ್ನೊಮ್ಮೆ ಕರೆದರು. ಸದ್ದಿಲ್ಲ. ಬಿಸಿಲಿಗೆ ನನ್ನ ತಲೆ ಸುಡುತ್ತಿತ್ತು, ಹೊಟ್ಟೆ ಹಸಿದಿತ್ತು. 'ಕೀಲಿ ಕಾಣಸವಲ್ದೇನ್ರಿ ಬಾಯಾರ? ಹೊಲಕ್ಕ ಹೋಗ್ಯಾರ, ನಡೀರಿ' ಎಂದೆ. ಅವರು ಒಂದು ಕ್ಷಣ ಕೀಲಿಯನ್ನು ನೋಡಿದರು. ಆಮೇಲೆ ನನ್ನ ಹಿಂದೆ ಬಂದರು.

ಮುದುಕಿ ಒಳಗಿದ್ದಳು. ಜ್ವರ ಬಂದವರನ್ನು ಒಯ್ದರೆ ತಿರುಗಿ ಕಳಿಸುವುದಿಲ್ಲ ಎಂಬ ಸುದ್ದಿ ಊರ ತುಂಬ ಇತ್ತು. ಅದಕ್ಕೆ ಅವಳೇ ಮಗನ ಕೈಹಿಡಿದು ಹೊರಗಿನಿಂದ ಕೀಲಿ ಹಾಕಿಸಿಕೊಂಡಿದ್ದಳು. ಮಗ ಸೊಸೆ ಹೊಲದ ಗುಡಿಸಲಿನಲ್ಲಿದ್ದು, ಹೊತ್ತು ಹೊತ್ತಿಗೆ ಹಿತ್ತಲಿನಿಂದ ಅಂಬಲಿ ಕೊಡುತ್ತಿದ್ದರು. ಆ ದಿನ ಅವಳಿಗೆ ದಮ್ಮು ಹತ್ತಿ, ಹಟ ಇಳಿದಿತ್ತು. ಸಂಜೆ ಸೊಸೆಯ ಮುಂದೆ ಅವಳು ಹೇಳಿದ್ದು ಇಷ್ಟು: 'ನರ್ಸಬಾಯಿ ಬಂದಿದ್ಲು. ಎರಡ ಸಲ ಕರದ್ಲು. ಮೂರನೇ ಸಲಕ್ಕ ಓ ಅನ್ನೂನಂತ ಬಾಗಲದ ಹಂತ್ಯಾಕ ಕುಂತಿದ್ದೆ. ಕರೀಲೇ ಇಲ್ಲವಾ.'

ಮೂರನೇ ದಿನಕ್ಕೆ ಮುದುಕಿ ತೀರಿಕೊಂಡಳು. ಸೊಸೆ ಈ ಮಾತನ್ನು ನಮ್ಮಿಬ್ಬರ ಮುಂದೆ ಹೇಳಿದಾಗ ಅದರಲ್ಲಿ ಸಿಟ್ಟಿರಲಿಲ್ಲ, ಅದೇ ತಡೆಯಲಾಗಲಿಲ್ಲ. ನರ್ಸಬಾಯಿ ಅರ್ಥವಾಗದೆ ನನ್ನ ಮುಖ ನೋಡಿದರು. ಹೊಳೆಯ ಕಡೆ ನಡೆಯುತ್ತ ನಾನು ಪದ್ಧತಿಯನ್ನು ವಿವರಿಸಿದೆ. ನನಗೆ ಅದು ಗೊತ್ತಿತ್ತೆಂಬುದೂ ವಿವರಣೆಯಲ್ಲೇ ಗೊತ್ತಾಗಿ ಹೋಯಿತು. ಅವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನಾನೂ ಎರಡು ಮಾತು ಆಡಿ ಹಗುರಾಗುತ್ತಿದ್ದೆ. ಇಂದಿಗೂ ಅವರ ಮೇಲೆ ನನಗಿರುವ ಒಂದೇ ಸಿಟ್ಟು ಅದು.

ಅಂದಿನಿಂದ ಅವರು ಯಾವ ಬಾಗಿಲಲ್ಲೂ ಎರಡಕ್ಕೆ ನಿಲ್ಲಿಸಲಿಲ್ಲ. ಕೀಲಿ ಇರಲಿ, ಬಾಗಿಲೇ ಬಿದ್ದುಹೋಗಿರಲಿ, ಒಳಗೆ ಜಾಲಿ ಬೆಳೆದಿರಲಿ, ಹಳೇ ಊರಿನ ಪ್ರತಿ ಮನೆಯ ಮುಂದೆ ನಿಂತು ಮೂರು ಸಲ ಕರೆಯುತ್ತಿದ್ದರು. ಮೊದಲನೆಯದು ಮೆಲ್ಲಗೆ, ಎರಡನೆಯದು ಸ್ವಲ್ಪ ಏರಿಸಿ, ಮೂರನೆಯದು ಓಣಿಯ ಆಚೆಗೂ ಕೇಳುವಂತೆ. ಮೂರನೆಯದು ಮುಗಿದ ಮೇಲೆ ಒಂದು ಉಸಿರಿನಷ್ಟು ಹೊತ್ತು ಕಾಯುವುದು. ಆಮೇಲೆ ಮುಂದಿನ ಬಾಗಿಲು. ಖಾಲಿ ಮನೆಗಳ ಮುಂದೆ ನಿಂತು ಒಬ್ಬ ಹೆಂಗಸು ಕರೆಯುವುದು, ಸದ್ದಿಲ್ಲದ ಓಣಿ ಅದನ್ನು ಕೇಳಿಸಿಕೊಳ್ಳುವುದು, ಹಿಂದೆ ನಾನು ಮೊಬೈಲು ಹಿಡಿದು ನಿಂತಿರುವುದು. ನವಗ್ರಾಮದ ಕಟ್ಟೆಯ ಮೇಲಿನ ಜನ 'ನರ್ಸಬಾಯಿ ದೆವ್ವಕ್ಕೂ ಸೂಜಿ ಮಾಡ್ತಾಳ' ಎಂದು ನಗುತ್ತಿದ್ದರು. ನಾನೂ ಅವರ ಜೊತೆ ಸೇರಿ ನಕ್ಕಿದ್ದೇನೆ, ಅದನ್ನು ಮುಚ್ಚಿಡುವುದಿಲ್ಲ.

ಎರಡು ಡೋಸು ಹೇಗೋ ಮುಗಿದವು. ಆಮೇಲೆ ಬಂತು ಬೂಸ್ಟರ್. ಆ ಹೊತ್ತಿಗೆ ವೈರಾಣುವೂ ವೇಷ ಬದಲಿಸಿತ್ತು. ಹೊಸ ತಳಿ, ಹೊಸ ಹೆಸರು. ಜನರಿಗೆ ಬೇಜಾರಾಗಿತ್ತು. 'ಎರಡ ಮಾಡಿಸಿಕೊಂಡವರಿಗೂ ಬರಾಕ ಹತ್ತೇತಿ. ಮತ್ತ ಮೂರನೇದ ಯಾಕ?' ಎಂದು ಒಬ್ಬ ರೈತ ಊರಬಾಗಿಲ ಅಗಸಿಯ ಕಟ್ಟೆಯಲ್ಲಿ ಕೇಳಿಯೇಬಿಟ್ಟ. ಪ್ರಶ್ನೆ ಸರಿಯಾಗಿಯೇ ಇತ್ತು. ನನಗೂ ಅದೇ ಅನುಮಾನ.

ನರ್ಸಬಾಯಿ ನೀಲಿ ಡಬ್ಬಿಯ ಮೇಲೆ ಕೂತು ಉತ್ತರ ಕೊಟ್ಟರು: 'ಬರೂದಿಲ್ಲ ಅಂತ ನಾ ಎಂದ ಹೇಳೀನಿ? ಕಳ್ಳ ಅಂಗಿ ಬದಲ ಮಾಡ್ಯಾನ, ನಡಿಗಿ ಅದ ಐತಿ. ಹಳೇ ಸೂಜಿ ನಡಿಗಿ ಕಲಿಸಿತ್ತು, ಮೈಗೆ ತಿಂಗಳ ಕಳದಂಗ ಮರವು ಬರತೈತಿ. ಇದು ನೆನಪ ಮಾಡಿಕೊಡೂ ಸೂಜಿ. ಪಡಸಾಲಿಗೆ ಬಂದಾನು. ಒಳಗಿನ ಖೋಲಿಗೆ ಹೋಗಾಕ ಬಿಡೂದಿಲ್ಲ.'

'ಒಳಗಿನ ಖೋಲಿ ಯಾವುದ್ರಿ?'

ಅವರು ವಕ್ರ ಬೆರಳಿನಿಂದ ಅವನ ಎದೆ ಮುಟ್ಟಿದರು. 'ಇದು.'

ಅವನು ಅಂಗಿಯ ತೋಳು ಏರಿಸಿದ. ಲಸಿಕೆಯ ಒಂದು ಸೀಸೆ ತೆರೆದರೆ ನಾಲ್ಕು ತಾಸಿನೊಳಗೆ ಹತ್ತು ಮಂದಿಗೆ ಕೊಡಬೇಕು, ಇಲ್ಲದಿದ್ದರೆ ಹಾಳು. ಹಳೇ ಊರಿನಲ್ಲಿ ಒಮ್ಮೆಲೇ ಹತ್ತು ಜನ ಸಿಗುವುದೇ ಕಷ್ಟ. ಅವರು ಒಬ್ಬನನ್ನು ಕಟ್ಟೆಯ ಮೇಲೆ ಕೂರಿಸಿ, ಉಳಿದ ಒಂಬತ್ತು ಮಂದಿಗಾಗಿ ಆ ಬಿಸಿಲಿನಲ್ಲಿ ಬಾಗಿಲು ಬಾಗಿಲಿಗೆ ಕೂಗುತ್ತ ಹೋಗುತ್ತಿದ್ದರು. 'ಎರಡ ಸಲ ಕರದ ಬಿಟ್ಟ ಹೋದ್ರ ಏನಾಗತೈತಿ ಅಂತ ನಮ್ಮಿಬ್ಬರಿಗೇ ಗೊತ್ತಲ್ರಿ ಮಾಸ್ತರ' ಎಂದು ಒಮ್ಮೆ ಅಂದರು. ನಮ್ಮಿಬ್ಬರಿಗೆ ಎಂದದ್ದನ್ನು ನಾನು ಗಮನಿಸಿದೆ. ಅವರು ತಮ್ಮ ಜೊತೆ ನನ್ನನ್ನೂ ಹಿಡಿದುಕೊಂಡಿದ್ದರು, ಬೇರೆ ಮಾಡಿರಲಿಲ್ಲ.

ಆ ಮುದುಕಿಯ ಮನೆಯ ಮುಂದೆಯೂ ಕರೆಯುತ್ತಿದ್ದರು. ಮಗ ಸೊಸೆ ನವಗ್ರಾಮಕ್ಕೆ ಹೋಗಿಬಿಟ್ಟಿದ್ದರು. ಅದೇ ಕೀಲಿ, ಈಗ ತುಕ್ಕು ಹಿಡಿದದ್ದು. 'ಯಮ್ಮಾ, ಅದಿಯೇನಬೇ ಒಳಗ?' ಒಂದು, ಎರಡು, ಮೂರು. ನಾನು ಅಷ್ಟು ಹೊತ್ತು ನನ್ನ ಚಪ್ಪಲಿ ನೋಡುತ್ತ ನಿಲ್ಲುತ್ತಿದ್ದೆ.

ಒಂದು ದಿನ ಮೂರನೆಯ ಕೂಗಿನ ನಂತರದ ಆ ಉಸಿರಿನಷ್ಟು ಹೊತ್ತಿನಲ್ಲಿ ಒಳಗಿನಿಂದ ಏನೋ ಕೇಳಿಸಿತು. ಗಂಟಲಿನ ಆಳದಿಂದ ಬಂದ ಒಂದು ಸಣ್ಣ 'ಊಂ'. 

'ಪಾರಿವಾಳ್ರಿ' ಎಂದೆ, ಅವರು ಕೇಳುವ ಮೊದಲೇ. 'ಬೆಳಕಿಂಡಿಯಾಗ ಗೂಡ ಕಟ್ಯಾವ.'

'ಹ್ಞೂಂ. ಪಾರಿವಾಳಾನ ಇರಬೇಕು.' ಅವರು ಮುಂದೆ ನಡೆದರು. ಹತ್ತು ಹೆಜ್ಜೆ ಹೋದ ಮೇಲೆ ತಿರುಗದೆ ಕೇಳಿದರು: 'ಮಾಸ್ತರ, ಪಾರಿವಾಳ ದಿನಾ ಮೂರನೇ ಸಲಕ್ಕ ಓಗೊಡತಾವ. ಮೊದಲ ಯಾಕ ಓಗೊಡೂದಿಲ್ರಿ?'

 'ದಿನಾ' ಎಂಬ ಮಾತು ಸಂಜೆಯವರೆಗೂ ಕಿವಿಯಲ್ಲಿ ಉಳಿಯಿತು. ಅಷ್ಟು ದಿನ ಅವರಿಗೆ ಅದು ಕೇಳಿಸುತ್ತಿತ್ತು, ನನಗೆ ಹೇಳಿರಲಿಲ್ಲ.

ಊರಿಗೆಲ್ಲ ಮೂರನೆಯ ಡೋಸನ್ನು ಮೊಬೈಲಿನಲ್ಲಿ ಒತ್ತಿದವನು ನಾನು. ನನಗೇ ಮೂರನೆಯದು ಆಗಿರಲಿಲ್ಲ. ಸಕ್ಕರೆ ಕಾಯಿಲೆ ಬೇರೆ ಇತ್ತು. ಎರಡನೇ ಡೋಸಿಗೆ ಎರಡು ದಿನ ಜ್ವರ ಬಂದು ಮಲಗಿದ್ದ ನೆನಪು, ಹೊಸ ತಳಿ ಬರೀ ನೆಗಡಿ ಎಂದು ಯಾರೋ ಅಂದದ್ದು, ಇವೆಲ್ಲ ಸೇರಿ ತಲೆ ತಪ್ಪಿಸಿಕೊಂಡು ಓಡಾಡುತ್ತಿದ್ದೆ. ಒಂದು ಮಧ್ಯಾಹ್ನ ಅವರು ನೀಲಿ ಡಬ್ಬಿ ಹಿಡಿದು ಶಾಲೆಯ ಅಂಗಳಕ್ಕೆ ಬರುವುದು ಕಿಟಕಿಯಲ್ಲಿ ಕಂಡಿತು. ಬಿಸಿಯೂಟದ ಅಕ್ಕನಿಗೆ 'ರೋಣಕ್ಕ ಮೀಟಿಂಗಿಗೆ ಹೋಗ್ಯಾರಂತ ಹೇಳವಾ' ಎಂದು ಹೇಳಿ, ಅಕ್ಕಿ ಇಡುವ ಕೋಣೆಗೆ ಹೊಕ್ಕು ಬಾಗಿಲು ಎಳೆದುಕೊಂಡೆ. ಐವತ್ತರ ಹತ್ತಿರದ ಮನುಷ್ಯ, ಮಕ್ಕಳಿಗೆ ಸುಳ್ಳು ಹೇಳಬೇಡಿರೆಂದು ಕಲಿಸುವವನು, ಅಕ್ಕಿಚೀಲದ ಹಿಂದೆ ಕೂತಿದ್ದೆ.

ಅಕ್ಕ ಏನೋ ಹೇಳಿದ್ದು ಕೇಳಿಸಿತು. ಚಪ್ಪಲಿಯ ಸಪ್ಪಳ ಕೋಣೆಯ ಹೊರಗೆ ಬಂದು ನಿಂತಿತು.

'ಮಾಸ್ತರ, ಅದೀರೇನ್ರಿ?' ಮೆಲ್ಲಗೆ.

ಬಾಗಿಲ ಸಂದಿಯಿಂದ ಬಿಸಿಲು ಒಂದು ಗೆರೆಯಾಗಿ ಬಿದ್ದಿತ್ತು. ಅದರಲ್ಲಿ ಅವರ ನೆರಳು ಕಾಣಲಿಲ್ಲ. ಮಟಮಟ ಮಧ್ಯಾಹ್ನ, ನೆರಳು ಅವರ ಕಾಲಡಿಗೇ ಇತ್ತು.

'ಮಾಸ್ತರ, ಅದೀರೇನ್ರಿ?'

ಆ ಕತ್ತಲೆಯಲ್ಲಿ, ಬಾಗಿಲ ಈಚೆ ಕೂತು, ಮುಚ್ಚಿದ ಬಾಗಿಲ ಆಚೆಯಿಂದ ಬರುವ ಆ ದನಿ ಕೇಳುತ್ತ, ಆ ಮುದುಕಿ ಏನು ಕೇಳಿಸಿಕೊಂಡಿದ್ದಳೆಂದು ನನಗೆ ಮೊದಲ ಬಾರಿಗೆ ಗೊತ್ತಾಯಿತು. ಇನ್ನೊಮ್ಮೆ ಕರೆಯುತ್ತಾರೋ ಇಲ್ಲವೋ ಎಂದು ಕಾಯುವುದು ಎಷ್ಟು ಉದ್ದದ ಹೊತ್ತು! ಕರೆಯಲಿ, ಕರೆಯಲಿ ಎಂದು ನಾನೇ ಬೇಡಿಕೊಳ್ಳುತ್ತಿದ್ದೆ.

'ಮಾಸ್ತರ! ಅದೀರೇನ್ರಿ?'

'ಓ' ಎಂದುಬಿಟ್ಟೆ. ಬಾಗಿಲು ತೆಗೆದು ಬಂದಾಗ ಮೈಮೇಲೆಲ್ಲ ಅಕ್ಕಿಯ ಧೂಳು. ಅವರು ನಗಲಿಲ್ಲ. 'ತೋಳ ಏರಸ್ರಿ' ಅಂದರು. ಅಡುಗೆ ಕೋಣೆಯ ಕಟ್ಟೆಯ ಮೇಲೆ ಕೂತು ಕಣ್ಣು ಮುಚ್ಚಿಕೊಂಡೆ. ಮಾತಾಡಿಸಿದರೆ ಹೆದರಿಕೆ ಕಡಿಮೆಯಾದೀತೆಂದು ಕೇಳಿದೆ: 'ನಿಮಗ ಮೂರನೇದು ಆತೇನ್ರಿ ಬಾಯಾರ?'

'ಎಲ್ಲಾರಕಿಂತ ಮೊದಲ ಆಗೇತ್ರಿ. ಆದ್ರ ನನ್ನ ಮೈಯಾಗ ಅದು ನಿಲ್ಲೂದಿಲ್ಲ.' ನಾನು ಕಣ್ಣು ತೆರೆದಾಗ ಬೆರಳುಗಳನ್ನು ಎತ್ತಿ ತೋರಿಸಿದರು. 'ಈ ಗೆಣ್ಣಿನ ಬ್ಯಾನಿಗೆ ಗುಳಗಿ ತಗೋತೀನಲ್ರಿ, ಅದು ಮೈಯಾಗಿನ ಕಾವಲದವರನ್ನ ಮಲಗಿಸಿ ಬಿಡತೈತಿ. ಎಷ್ಟ ಸೂಜಿ ಮಾಡಿಸಿಕೊಂಡ್ರೂ ಅರ್ಧಾನೂ ಹತ್ತೂದಿಲ್ಲ ಅಂತ ಡಾಕ್ಟರ ಹೇಳ್ಯಾರ. ಗುಳಗಿ ಬಿಟ್ರ ಕೈ ಹೋಗತೈತಿ. ಕೈ ಹೋದ್ರ ಕೆಲಸ ಹೋಗತೈತಿ.'

ನಾನು ಅವರ ಕಡೆ ತಿರುಗಿದೆ. 'ಹಂಗಿದ್ರ ಈ ಜಡ್ಡಿನವರ ಬಾಗಲಾ ಬಾಗಲಾ ಯಾಕ ತಿರಗತೀರಿ?'

'ಅದಕ್ಕ ತಿರಗತೀನ್ರಿ. ನಿಮ್ಮ ಮೈಯಾಗ ನಿಂತ್ರ ನನಗೂ ನಿಂತಂಗ. ಮುಗೀತು, ಹತ್ತಿ ಒತ್ತಿ ಹಿಡೀರಿ.'

ಚುಚ್ಚಿದ್ದು ಯಾವಾಗಲೋ ಗೊತ್ತಾಗಲಿಲ್ಲ. ಅವರು ಡಬ್ಬಿ ಎತ್ತಿಕೊಂಡು ಹೋದ ಮೇಲೂ ಹತ್ತಿ ಒತ್ತಿಕೊಂಡೇ ಕೂತಿದ್ದೆ. ಒಂದು ವರ್ಷದಿಂದ ನಾನು ಅವರ ಹಿಂದೆ ನಡೆದಿದ್ದೆ. ಆ ಕೂಗಿನಲ್ಲಿ ಅವರ ಸ್ವಂತ ಜೀವವೂ ಇತ್ತೆಂದು ತಿಳಿದಿರಲಿಲ್ಲ. ಅದನ್ನು ತಿಳಿಯದೆ ಅಕ್ಕಿಚೀಲದ ಹಿಂದೆ ಅಡಗಿದ್ದೆನಲ್ಲ ಎಂದು ನಾಚಿಕೆಯಾಯಿತು.

ಹೊಸ ತಳಿ ನಮ್ಮ ಊರಿಗೂ ಬಂತು. ನನಗೂ ಬಂತು. ಮೂರು ದಿನ ಜ್ವರ, ಬಾಯಿ ಕಹಿ, ಗಂಟಲಿನಲ್ಲಿ ಮುಳ್ಳು. ಪಡಸಾಲೆಯಲ್ಲೇ ಒದ್ದಾಡಿ ಅದು ಹೊರಟುಹೋಯಿತು, ಎದೆಗೆ ಇಳಿಯಲಿಲ್ಲ. ಮೂರನೆಯದು ಮಾಡಿಸಿಕೊಂಡ ಹಳೇ ಊರಿನ ಮುದುಕರಲ್ಲೂ ಕೆಲವರು ಮಲಗಿದರು, ಎದ್ದರು. ದಮ್ಮು ಹತ್ತಿ ಯಾರೂ ಹೋಗಲಿಲ್ಲ. ತಳಿಯೇ ಸೌಮ್ಯವಾಗಿತ್ತು ಎಂದು ಹೇಳುವವರಿದ್ದಾರೆ. ಇರಬಹುದು. ಅದನ್ನು ತೂಗಿ ನೋಡುವಷ್ಟು ಓದು ನನಗಿಲ್ಲ. ನಾನು ಕಂಡದ್ದನ್ನಷ್ಟೇ ಹೇಳುತ್ತಿದ್ದೇನೆ.

ಜ್ವರದ ಎರಡನೇ ದಿನ ಅವರು ನನ್ನ ಮನೆಯ ಅಂಗಳಕ್ಕೂ ಬಂದರು. ಮೂರು ಸಲ ಕರೆದರು. ನಾನು ಬಾಗಿಲು ತೆರೆಯಲಿಲ್ಲ. ಒಳಗಿನಿಂದಲೇ ಕೂಗಿದೆ: 'ಹೊಳ್ಳಿ ಹೋಗ್ರಿ ಬಾಯಾರ, ನಿಮ್ಮ ಕಾಲ ಬೀಳತೀನಿ. ಇಲ್ಲಿ ಬರಬ್ಯಾಡ್ರಿ.' ಅವರು ಹೋಗಲಿಲ್ಲ. ಬೆರಳಿಗೆ ಸಿಕ್ಕಿಸುವ ಮಿಷಿನ್ನನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ದೂರ ಸರಿದು, ನಾನು ಅಂಕಿ ಓದಿ ಹೇಳುವವರೆಗೂ ಬೇವಿನ ಗಿಡದ ಕೆಳಗೆ ನಿಂತಿದ್ದರು. 'ಚಲೋ ಐತಿ. ಒಳಗಿನ ಖೋಲಿಗೆ ಹೋಗಿಲ್ಲ' ಎಂದರು. ನಾನು ಅವರನ್ನು ಕೊನೆಯದಾಗಿ ನೋಡಿದ್ದು ಆಗ, ಕಿಟಕಿಯ ಸರಳುಗಳ ನಡುವೆ.

ಅವರಿಗೆ ಅದು ಯಾರಿಂದ ಹತ್ತಿತೋ ಯಾರಿಗೂ ಗೊತ್ತಿಲ್ಲ. ಅಷ್ಟು ಬಾಗಿಲುಗಳು, ಅಷ್ಟು ಮನೆಗಳು. ನನ್ನ ಕಿಟಕಿಯೂ ಅವುಗಳಲ್ಲಿ ಒಂದು. ಗದಗಿನ ದವಾಖಾನೆಯಲ್ಲಿ ಎಂಟು ದಿನ ಇದ್ದು ತೀರಿಕೊಂಡರು. ಅವರ ತಂಗಿ ಫೋನಿನಲ್ಲಿ ಅಳುತ್ತ ಹೇಳಿದರು: 'ಕಡಿಗೆ ಮಾತ ನಿಂತಿತ್ರಿ. ನಮ್ಮನ್ನ ಕರಿಯಾಕ ನೋಡತಿದ್ಲು. ಒಂದ ಸಲ ಅಂತಿದ್ಲು, ಎರಡ ಸಲ ಅಂತಿದ್ಲು, ಅಷ್ಟಕ್ಕ ಉಸುರ ಮುಗೀತಿತ್ತು.' ಆ ಹೆಣ್ಣುಮಗಳಿಗೆ ನಮ್ಮ ಊರಿನ ಪದ್ಧತಿ ಗೊತ್ತಿರಲಿಲ್ಲ. 

ಈಗ ಊರಿಗೆ ಬೇರೆ ನರ್ಸಬಾಯಿ ಬಂದಿದ್ದಾರೆ. ಚುರುಕಿನವರು. ರೋಗ ಪತ್ರಿಕೆಯ ಒಳಪುಟಕ್ಕೆ ಸರಿದಿದೆ; ನಡುನಡುವೆ ಯಾವುದೋ ಹೊಸ ತಳಿಯ ಸುದ್ದಿ ಎರಡು ಸಾಲಿನಲ್ಲಿ ಬರುತ್ತದೆ, ಯಾರೂ ಓದುವುದಿಲ್ಲ. ಅಕ್ಕಿಯ ಧೂಳಿನ ಆ ಮಧ್ಯಾಹ್ನ ಅವರು ಎರಡಕ್ಕೆ ಸಾಕೆಂದು ತಿರುಗಿ ಹೋಗಿದ್ದರೆ, ನಾನು ಇದನ್ನು ಬರೆಯಲು ಇರುತ್ತಿದ್ದೆನೋ ಇಲ್ಲವೋ. ಇದ್ದೇನೆ. ಅದಷ್ಟೂ ಅವರದು.

ಹೋದ ತಿಂಗಳು ಮತದಾರರ ಪಟ್ಟಿಯ ಕೆಲಸಕ್ಕೆ ಹಳೇ ಊರಿಗೆ ಒಬ್ಬನೇ ಇಳಿದೆ. ಹೊತ್ತು ಮಧ್ಯಾಹ್ನವಾಗಿತ್ತು. ಪ್ರತಿ ಬಾಗಿಲಲ್ಲೂ ಮೂರು ಸಲ ಕರೆಯುತ್ತ ಬಂದೆ; ಖಾಲಿ ಮನೆಗಳ ಮುಂದೆಯೂ. ಯಾರಾದರೂ ನಗುತ್ತಿದ್ದರೋ ಏನೋ, ನೋಡಲಿಲ್ಲ. ಕೊನೆಯ ಓಣಿಯಲ್ಲಿ ಆ ತುಕ್ಕು ಹಿಡಿದ ಕೀಲಿಯ ಮುಂದೆ ನಿಂತು 'ಯಮ್ಮಾ, ಅದಿಯೇನಬೇ ಒಳಗ?' ಎಂದು ಮೂರು ಸಲ ಕರೆದು, ಉಸಿರು ಹಿಡಿದು ಕಾದೆ. ಒಳಗೆ ಪಾರಿವಾಳವೂ ಇರಲಿಲ್ಲ.

ತಿರುಗಿ ನಾಲ್ಕು ಹೆಜ್ಜೆ ಇಟ್ಟಿದ್ದೆ. ಹಿಂದಿನಿಂದ ಬಂತು.

'ಮಾಸ್ತರ, ಅದೀರೇನ್ರಿ?' ಮೆಲ್ಲಗೆ.

ನಿಂತೆ. ಓಣಿಯಲ್ಲಿ ಯಾರೂ ಇರಲಿಲ್ಲ. ಗೋಡೆಗಳ ಮೇಲೆ ನೀರಿನ ಗೆರೆ ಈ ತುದಿಯಿಂದ ಆ ತುದಿಯವರೆಗೂ ಹೋಗಿತ್ತು. ನನ್ನ ನೆರಳು ಕಾಲಡಿಯಲ್ಲಿತ್ತು.

'ಮಾಸ್ತರ, ಅದೀರೇನ್ರಿ?' ಸ್ವಲ್ಪ ಏರಿಸಿ.

ಅಜ್ಜಿ ಹಿಂಡಿದ ಕಿವಿ ಬಿಸಿಯಾಯಿತು. ಮೂರನೆಯದು ಬರುವುದಿಲ್ಲವೆಂದು ನನಗೆ ಗೊತ್ತಿತ್ತು. ಅದಕ್ಕೆ ಬೇಕಾದಷ್ಟು ಉಸಿರು ಅವರಲ್ಲಿ ಉಳಿದಿರಲಿಲ್ಲ. ಆದರೆ ಎರಡು ಕೂಗಿಗೇ ಸಾಕೆಂದು, ಮುಚ್ಚಿದ ಬಾಗಿಲ ಹಿಂದೆ ಕೂತವರನ್ನು ಬಿಟ್ಟು ಒಮ್ಮೆ ನಡೆದುಹೋದವನು ನಾನು. ಇನ್ನೊಮ್ಮೆ ಅದು ನನ್ನಿಂದಾಗುವುದಿಲ್ಲ.

'ಓ' ಎಂದೆ. 'ಅದೀನ್ರಿ ಬಾಯಾರ.'